ಎಮರ್ಜೆನ್ಸಿ ಡ್ಯೂಟಿ ಮತ್ತು ಮರದ ನೆರಳು: ಅಧ್ಯಯನ ಟಿಪ್ಪಣಿ

ಕ್ಯಾಶುವಲ್ಟಿ, 108 ಆಂಬ್ಯುಲೆನ್ಸ್, ಅಗ್ನಿಶಾಮಕ ದಳ, ಕಂಟ್ರೋಲ್ ರೂಂ. ಇಲ್ಲಿ ದುಡಿಯುವವರು ತಮ್ಮನ್ನು ತಾವು ನೋಡಿಕೊಳ್ಳುವುದು ಹೇಗೆ ಎಂಬ ಪಾಠದಲ್ಲಿ ‘ಪ್ರಕೃತಿಯಲ್ಲಿ ಸ್ವಲ್ಪ ಹೊತ್ತು ಕಳೆಯಿರಿ’ ಅಂತ ಒಂದು ಸಾಲು ಬರುತ್ತದೆ. ಸುಮ್ನೆ ಓದಿ ಪುಟ ತಿರುಗಿಸುತ್ತೇವೆ. ಆ ಸಾಲು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ ಪಾಲಿಸುವ ಮನಸ್ಸೂ ಬರುತ್ತದೆ.

ಮೊದಲು ಗಮನದ ವಿಷಯ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ 1989ರಲ್ಲಿ ಇದನ್ನು ವಿವರವಾಗಿ ಬರೆದರು. ಅವರ ಪ್ರಕಾರ ಗಮನ ಎರಡು ಬಗೆ. ಒಂದು ಗಮನವನ್ನು ನಾವೇ ಹಿಡಿದಿಡಬೇಕು. ಮಾನಿಟರ್ ಮೇಲೆ ಕಣ್ಣಿಟ್ಟು, ಡೋಸ್ ಲೆಕ್ಕ ಹಾಕಿ, ಪಕ್ಕದಲ್ಲಿ ಅಳುತ್ತಿರುವ ಮನೆಯವರ ನಡುವೆಯೂ ರೋಗಿಯ ಉಸಿರಿನ ಸದ್ದು ಹಿಡಿಯುವುದು ಇದರಿಂದಲೇ. ಇದು ದಣಿಯುತ್ತದೆ. ದಣಿದಾಗ ಸಿಡುಕು, ಮರೆವು, ತಪ್ಪು ಎಲ್ಲವೂ ಜಾಸ್ತಿ. ಇನ್ನೊಂದು ಗಮನ ತಾನಾಗಿ ಹೋಗುವಂಥದ್ದು. ಬೇಸಿಗೆ ಶುರುವಿನಲ್ಲಿ ಹೊಂಗೆ ಮರದಡಿ ನಿಂತು ನೋಡಿ. ಎಳೆ ಹಸಿರು ಎಲೆ, ನೆಲದ ಮೇಲೆ ಮಂಡಕ್ಕಿ ಚೆಲ್ಲಿದಂತೆ ಬಿದ್ದ ಹೂವು, ಮೇಲೆ ಜೇನುನೊಣಗಳ ಗುಂಯ್ ಸದ್ದು. ಕಣ್ಣು ತಾನಾಗಿ ಅಲ್ಲಿ ಇಲ್ಲಿ ಓಡಾಡುತ್ತದೆ, ಶ್ರಮ ಬೇಕಿಲ್ಲ. ಆ ಹೊತ್ತಿನಲ್ಲೇ ಮೊದಲ ಗಮನಕ್ಕೆ ಬಿಡುವು ಸಿಗುತ್ತದೆ. ಮೊಬೈಲ್ ನೋಡಿದರೆ ಈ ಬಿಡುವು ಸಿಗುವುದಿಲ್ಲ, ಅದು ಗಮನವನ್ನು ಎಳೆದು ಹಿಡಿದುಕೊಳ್ಳುತ್ತದೆ.

2008ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿದರು. ಒಂದಷ್ಟು ಜನರನ್ನು ಒಮ್ಮೆ ಮರಗಳ ತೋಟದಲ್ಲಿ, ಒಮ್ಮೆ ಪೇಟೆ ಬೀದಿಯಲ್ಲಿ ನಡೆಸಿ, ಆಮೇಲೆ ಕೇಳಿಸಿದ ಅಂಕಿಗಳನ್ನು ಕೊನೆಯಿಂದ ಮೊದಲಿಗೆ ಹೇಳಿಸಿದರು. ತೋಟದಲ್ಲಿ ನಡೆದ ಮೇಲೆ ಜ್ಞಾಪಕ ಚುರುಕಾಗಿತ್ತು. ನನಗೆ ಬಹಳ ಮುಖ್ಯ ಅನಿಸಿದ್ದು ಇದು: ಕೊರೆಯುವ ಚಳಿಯಲ್ಲಿ ನಡೆದವರಿಗೆ ಖುಷಿಯೇನೂ ಆಗಿರಲಿಲ್ಲ, ಆದರೂ ಲಾಭ ಸಿಕ್ಕಿತ್ತು. ಅಂದರೆ ಕೆಟ್ಟ ಕೇಸ್ ಮುಗಿಸಿ ಬಂದಾಗ ‘ಮೂಡ್ ಇಲ್ಲ’ ಅನಿಸಿದರೂ ಹೊರಗೆ ಹೋಗಬಹುದು.

ಎಷ್ಟು ಹೊತ್ತು? 2019ರ ಒಂದು ಅಧ್ಯಯನದಲ್ಲಿ ನಗರವಾಸಿಗಳ ಎಂಜಲಿನಲ್ಲಿ ಕಾರ್ಟಿಸಾಲ್ ಅಳೆದರು. ಒತ್ತಡದಲ್ಲಿ ಏರುವ ಹಾರ್ಮೋನ್ ಅದು. 20ರಿಂದ 30 ನಿಮಿಷದಲ್ಲಿ ಅದು ಹೆಚ್ಚು ವೇಗವಾಗಿ ಇಳಿದಿತ್ತು. ಜಾಗ ಅವರವರದೇ ಆಯ್ಕೆ, ಮನೆಯ ಹಿತ್ತಲಾದರೂ ಸರಿ. ಫೋನ್, ಓದು, ಹರಟೆ ಮಾತ್ರ ಬೇಡ. ಹಾಗಾಗಿ ಕೊಡಗಿಗೋ ಚಿಕ್ಕಮಗಳೂರಿಗೋ ರಜೆ ಹಾಕಿ ಹೋಗುವವರೆಗೆ ಕಾಯಬೇಕಿಲ್ಲ, ಆಸ್ಪತ್ರೆ ಕಾಂಪೌಂಡಿನ ಬೇವಿನ ಮರ ಸಾಕು.

ಇನ್ನು ನೈಟ್ ಶಿಫ್ಟ್. ಇಲ್ಲಿ ಹುಷಾರಾಗಿರಬೇಕು. ಬೆಳಗ್ಗೆ ಎಂಟಕ್ಕೆ ಹ್ಯಾಂಡೋವರ್ ಕೊಟ್ಟು ನೇರ ಪಾರ್ಕಿಗೆ ಹೋಗಿ ಬಿಸಿಲಲ್ಲಿ ನಡೆದರೆ, ಕಣ್ಣಿಗೆ ಬಿದ್ದ ಬೆಳಕು ‘ಹಗಲಾಯ್ತು’ ಅಂತ ಮಿದುಳಿಗೆ ಹೇಳುತ್ತದೆ. ನಿದ್ದೆ ತರುವ ಮೆಲಟೋನಿನ್ ಇಳಿಯುತ್ತದೆ. ಮನೆಗೆ ಬಂದು ಮಲಗಿದರೆ ನಿದ್ದೆ ಹತ್ತುವುದಿಲ್ಲ. ನಿದ್ದೆ ಕಳೆದುಕೊಂಡು ಪಡೆಯುವ ಹಸಿರಿನಿಂದ ಏನು ಪ್ರಯೋಜನ, ಅಲ್ವಾ? ರಾತ್ರಿ ಪಾಳಿ ಇದ್ದಾಗ ಮೊದಲು ನಿದ್ದೆ ಮಾಡಿ. ಎದ್ದ ಮೇಲೆ, ಡ್ಯೂಟಿಗೆ ಹೊರಡುವ ಮುಂಚೆ, ಸಂಜೆ ಬೆಳಕಲ್ಲಿ ಮರಗಳ ಕೆಳಗೆ ನಡೆಯಿರಿ. ಆಗ ಬೆಳಕು ಎಚ್ಚರಕ್ಕೂ ನೆರವಾಗುತ್ತದೆ. ‘ಬೆಳಗಿನ ವಾಕಿಂಗ್ ಎಲ್ಲರಿಗೂ ಒಳ್ಳೆಯದು’ ಅಂತ ನೋಟ್ಸ್‌ನಲ್ಲಿ ಬರೆದುಕೊಂಡಿದ್ದರೆ ಪಕ್ಕದಲ್ಲಿ ‘ನೈಟ್ ಶಿಫ್ಟ್ ಬಿಟ್ಟು’ ಅಂತ ಸೇರಿಸಿಕೊಳ್ಳಿ.

ಕಿಟಕಿಯ ವಿಷಯವೂ ಪಾಠದಲ್ಲಿ ಬರುತ್ತದೆ. ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದವರ ಪೈಕಿ, ಕಿಟಕಿಯಲ್ಲಿ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಡಿಸ್ಚಾರ್ಜ್ ಆದರು, ಬಲವಾದ ನೋವಿನ ಔಷಧಿಯೂ ಕಡಿಮೆ ಸಾಕಾಯಿತು. ಅವರು ರೋಗಿಗಳು, ಸಿಬ್ಬಂದಿಯಲ್ಲ. ಉತ್ತರ ಬರೆಯುವಾಗ ಇದು ನೆನಪಿರಲಿ.

ಕೊನೆಯದಾಗಿ, ಮಿತಿ. ಸಿಬ್ಬಂದಿ ಸಾಲದೆ ಎರಡು ಪಾಳಿ ಒಟ್ಟಿಗೆ ಮಾಡಿಸಿದರೆ ಅದಕ್ಕೆ ಮರ ಮದ್ದಲ್ಲ, ರೋಸ್ಟರ್ ಸರಿಯಾಗಬೇಕು. ಮಗುವಿನ ಸಾವಿನಂಥ ಕೇಸ್ ವಾರಗಟ್ಟಲೆ ಕಣ್ಣ ಮುಂದೆ ಬರುತ್ತಿದ್ದರೆ, ನಿದ್ದೆ ಕೆಡುತ್ತಿದ್ದರೆ, ನಡಿಗೆಯೊಂದನ್ನೇ ನಂಬಿ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.