ಈ ಹೊಡೆದಾಟ ಬರೆದ ಕೈ ಯಾರದು?

ಅನಿಮೆ, ಅಂದರೆ ಜಪಾನಿನ ಅನಿಮೇಶನ್, ನೋಡುವವರಲ್ಲಿ ಒಂದು ಪಂಗಡ ಇದೆ. ಹೊಡೆದಾಟ ಶುರುವಾದರೆ ಸಾಕು, ಆ ಚಿತ್ರಗಳನ್ನು ಬರೆದ ಅನಿಮೇಟರ್ ಯಾರು ಅಂತ ಗುರುತಿಸಲು ವಿಡಿಯೊ ನಿಲ್ಲಿಸಿ ಒಂದೊಂದೇ ಫ್ರೇಮ್ ಮುಂದೆ ತಳ್ಳುತ್ತಾರೆ. ಗೋಡೆ ಒಡೆದ ಚೂರುಗಳು ಪುಟ್ಟ ಪುಟ್ಟ ಪೆಟ್ಟಿಗೆಗಳ ಆಕಾರದಲ್ಲಿ ಹಾರಿದರೆ ಯುತಾಕಾ ನಕಮುರಾ. ಮಿಸೈಲುಗಳು ಹೊಗೆಯ ಬಾಲ ಬಿಟ್ಟುಕೊಂಡು ಅಂಕುಡೊಂಕಾಗಿ ನುಗ್ಗಿದರೆ ಇಚಿರೋ ಇತಾನೊ, ಇಲ್ಲವೇ 1982ರ ಮ್ಯಾಕ್ರಾಸ್ ಸರಣಿ ನೋಡಿ ಅವರಿಂದ ಕಲಿತ ಯಾರೋ.

ಆದರೆ ಆಕಾರವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಕೈ ಗೊತ್ತಾಗುವುದು ಚಿತ್ರ ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದರಲ್ಲಿ.

ಸೆಕೆಂಡಿಗೆ 24 ಫ್ರೇಮ್. ಟಿವಿ ಅನಿಮೆಯಲ್ಲಿ ಒಂದು ಚಿತ್ರವನ್ನು ಸಾಮಾನ್ಯವಾಗಿ ಮೂರು ಫ್ರೇಮ್ ನಿಲ್ಲಿಸುತ್ತಾರೆ. ಅಂದರೆ ಸೆಕೆಂಡಿಗೆ 8 ಚಿತ್ರ. ದುಡ್ಡು, ಸಮಯ ಎರಡೂ ಉಳಿಯಲಿ ಅಂತ ಮಾಡಿಕೊಂಡ ಉಪಾಯ ಇದು. ಮುಖ್ಯ ಭಂಗಿಗಳನ್ನು ಕೀ ಅನಿಮೇಟರ್ ಬರೆಯುತ್ತಾರೆ, ನಡುವಿನವನ್ನು ಬೇರೆಯವರು ತುಂಬುತ್ತಾರೆ. 1970ರ ದಶಕದಲ್ಲಿ ಅನಿಮೇಟರ್ ಯೋಶಿನೋರಿ ಕನಡಾ ಈ ಬಡತನದಲ್ಲೇ ಆಟ ಕಂಡರು. ಅವರ ಪಾತ್ರ ಒಂದು ಸೊಟ್ಟ ಭಂಗಿಯಲ್ಲಿ ತುಸು ನಿಲ್ಲುತ್ತದೆ. ಮರುಕ್ಷಣ ಇನ್ನೊಂದು ಭಂಗಿಯಲ್ಲಿರುತ್ತದೆ. ನಡುವೆ ಏನೂ ಇಲ್ಲ! ಮೃದಂಗದವರು ಬೇಕಂತಲೇ ಒಂದು ಪೆಟ್ಟು ಬಿಟ್ಟಾಗ ನಮ್ಮ ತಲೆಯೇ ಅದನ್ನು ತುಂಬಿಕೊಳ್ಳುತ್ತದೆ ಅಲ್ವಾ, ಹಾಗೆ. ಇನ್ನೊಬ್ಬ ಅನಿಮೇಟರ್ ಮಿತ್ಸುವೊ ಇಸೊ ಇದಕ್ಕೆ ತದ್ವಿರುದ್ಧ. ನಡುವಿನ ಚಿತ್ರಗಳನ್ನೂ ಬೇರೆಯವರಿಗೆ ಕೊಡದೆ ತಾವೇ ಬರೆದರು. ಚಿತ್ರಗಳ ಸಂಖ್ಯೆ ಜಾಸ್ತಿ ಇಲ್ಲದಿದ್ದರೂ ಮೈಗೆ ತೂಕ ಬರುತ್ತದೆ.

2010ರಲ್ಲಿ ನರುಟೊ ಶಿಪ್ಪುಡೆನ್ ಅನಿಮೆ ಸರಣಿಯ 167ನೇ ಕಂತು ಬಂದಾಗ, ಅದರ ಹೊಡೆದಾಟದ ಸೊಟ್ಟ ಮುಖಗಳನ್ನು ಸ್ಕ್ರೀನ್‌ಶಾಟ್ ತೆಗೆದು ನಕ್ಕವರೇ ಹೆಚ್ಚು. ಓಡುವುದಕ್ಕೆಂದು ಬರೆದ ಚಿತ್ರವನ್ನು ನಿಲ್ಲಿಸಿ ನೋಡಿ ಕೆಟ್ಟದು ಅಂದರೆ ಏನು ಹೇಳೋದು?

ಹಾಗಂತ ಕೈಗೆ ಸಿಕ್ಕ ಫೈಲಿನಲ್ಲಿ ಫ್ರೇಮ್ ಎಣಿಸಿದರೂ ಆಗದು. ಟಿವಿಯಲ್ಲಿ ಬಂದದ್ದು ಅನಿಮೇಟರ್ ಬರೆದ ಹಾಗೆಯೇ ಇರಬೇಕೆಂದಿಲ್ಲ, ಅದಕ್ಕೊಂದು ಹಳೆಯ ಕಾರಣ ಇದೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಂತೊಂದರಲ್ಲಿ ಕೆಂಪು, ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಮಿನುಗಿತು. ಸುಮಾರು 685 ಮಂದಿಯನ್ನು ಆಸ್ಪತ್ರೆಗೆ ಒಯ್ದರು, ಹೆಚ್ಚಿನವರು ಮಕ್ಕಳು. 'ಕಾರ್ಟೂನ್ ನೋಡಿದ್ರೆ ಫಿಟ್ಸ್ ಬರುತ್ತೆ' ಅನ್ನುವ ಮಾತು ಇನ್ನೂ ಕೇಳಿಬರುತ್ತದೆ. ತೊಂದರೆ ಮಾಡಿದ್ದು ಕಾರ್ಟೂನ್ ಅಲ್ಲ, ಆ ಮಿನುಗು. ಅದೂ ಅಂಥ ಬೆಳಕನ್ನು ತಡೆಯಲಾಗದ ಮಿದುಳುಗಳಿಗೆ. ಅಲ್ಲಿಂದ ಪ್ರಸಾರದ ನಿಯಮ ಬಿಗಿಯಾಯಿತು. ಮಿನುಗುವ ದೃಶ್ಯ ಬಂದರೆ ಟಿವಿ ಆವೃತ್ತಿಯಲ್ಲಿ ಬೆಳಕು ಇಳಿಸುತ್ತಾರೆ, ಕೆಲವೊಮ್ಮೆ ಅಕ್ಕಪಕ್ಕದ ಫ್ರೇಮ್‌ಗಳನ್ನು ಒಂದರ ಮೇಲೊಂದು ಬೆರೆಸುತ್ತಾರೆ. ಒಂದು ಫ್ರೇಮಿನಲ್ಲಿ ಎರಡು ಮುಷ್ಟಿ ಮಸುಕಾಗಿ ಕಂಡರೆ ಅದು ಅನಿಮೇಟರ್ ಬರೆದದ್ದೇ ಆಗಿರಬೇಕಿಲ್ಲ. ಆಮೇಲೆ ಮಾರಾಟಕ್ಕೆ ಬರುವ ಬ್ಲೂರೇ ಡಿಸ್ಕಿನಲ್ಲಿ ಅದೇ ಜಾಗಕ್ಕೆ ಹೋಗಿ, ಎಷ್ಟೋ ಸಲ ಎರಡು ಬೇರೆ ಬೇರೆ ಚಿತ್ರ ಸಿಗುತ್ತವೆ.

ಬ್ಲೂರೇ ಕೂಡ ಪೂರ್ತಿ ಅಸಲಲ್ಲ. ಅವಸರದಲ್ಲಿ ಪ್ರಸಾರವಾದ ಚಿತ್ರಗಳನ್ನು ಡಿಸ್ಕಿಗೆ ತಿದ್ದಿ ಬರೆಯುವುದುಂಟು. ಒಂದು ಕೈಯ ಗೆರೆಯ ಮೇಲೆ ಇನ್ನೊಂದು ಕೈಯ ಗೆರೆ. ಎರಡನ್ನೂ ಪಕ್ಕಪಕ್ಕ ಇಟ್ಟೇ ನೋಡಬೇಕು.

ಎಲ್ಲಕ್ಕಿಂತ ಕೆಟ್ಟದ್ದು ನಮ್ಮ ಮನೆಯ ಹೊಸ ಟಿವಿಗಳೇ ಮಾಡುವ ಮೋಷನ್ ಸ್ಮೂದಿಂಗ್. ಕನಡಾ ಬೇಕಂತಲೇ ಬಿಟ್ಟ ಜಾಗಕ್ಕೆ ಟಿವಿ ತಾನೇ ಸುಮ್ನೆ ಚಿತ್ರ ಹುಟ್ಟಿಸಿ ತುರುಕುತ್ತದೆ. ಪಿಕ್ಚರ್ ಸೆಟ್ಟಿಂಗ್ಸಿಗೆ ಹೋಗಿ ಮೊದಲು ಅದನ್ನು ಆಫ್ ಮಾಡಿ.