ಪಾರ್ಟ್ನರ್ ಇಲ್ದೆ ಬಾಲ್‌ರೂಮ್ ಡ್ಯಾನ್ಸ್ ಕ್ಲಾಸಿಗೆ ಸೇರಬಹುದಾ?

ಓದುಗರ ಪ್ರಶ್ನೆ: ವಿಜಯನಗರದಲ್ಲಿ ಮನೆ, ವಯಸ್ಸು 38. ವಾಲ್ಟ್ಸ್, ಚಾ ಚಾ ಥರದ ಜೋಡಿ ಡ್ಯಾನ್ಸ್ ಎಲ್ಲ ಕಲೀಬೇಕು ಅಂತ ತುಂಬಾ ದಿನದ ಆಸೆ, ಆದ್ರೆ ನಮ್ಮನೆಯವ್ರಿಗೆ ಇಂಟರೆಸ್ಟೇ ಇಲ್ಲ. ನಾನೊಬ್ಳೇ ಗ್ರೂಪ್ ಕ್ಲಾಸಿಗೆ ಹೋದ್ರೆ ನಡಿಯುತ್ತಾ? ಯಾರೋ ಗೊತ್ತಿಲ್ದೇ ಇರೋರ ಕೈ ಹಿಡ್ಕೊಂಡು ಕಲಿಯೋದು ಮುಜುಗರ ಅನ್ಸಲ್ವಾ?

ನಡಿಯುತ್ತೆ ಮೇಡಂ, ಧಾರಾಳವಾಗಿ ಹೋಗಿ. ಈ ಪ್ರಶ್ನೆ ಎಷ್ಟೋ ಜನ ಕೇಳ್ತಾರೆ, ಕೇಳಿ ಕೇಳಿ ವರ್ಷಗಟ್ಲೆ ಮನೇಲೇ ಕೂತಿರ್ತಾರೆ, ಅದಕ್ಕೇ ಬಿಡಿಸಿ ಹೇಳ್ತಿದೀನಿ. ಗ್ರೂಪ್ ಕ್ಲಾಸಲ್ಲಿ ಸಾಮಾನ್ಯವಾಗಿ ಎಲ್ರೂ ಜೋಡಿ ಜೋಡಿಯಾಗಿ ಒಂದು ರೌಂಡಲ್ಲಿ ನಿಲ್ತಾರೆ, ಟೀಚರ್ ಒಂದು ಸ್ಟೆಪ್ ತೋರಿಸಿ ಸ್ವಲ್ಪ ಹೊತ್ತು ಮಾಡಿಸ್ತಾರೆ, ಆಮೇಲೆ ಚೇಂಜ್ ಅಂದ್ರೆ ಒಂದು ಸಾಲಿನವರು ಪಕ್ಕದವರ ಹತ್ರ ಹೋಗ್ತಾರೆ. ನಮ್ಮ ಕೋಲಾಟದಲ್ಲಿ ಕೋಲು ತಾಗಿಸ್ತಾ ತಾಗಿಸ್ತಾ ಮುಂದಿನವರ ಎದುರಿಗೆ ಹೋಗ್ತೀವಲ್ಲ, ಹಾಗೇನೇ. ಒಂದು ಗಂಟೆ ಮುಗಿಯೋಷ್ಟರಲ್ಲಿ ಸುಮಾರು ಎಲ್ರ ಜೊತೆನೂ ಕುಣಿದಿರ್ತೀರಿ, ನೀವು ಯಾರ ಜೊತೆ ಬಂದ್ರಿ ಅನ್ನೋದು ಲೆಕ್ಕಕ್ಕೇ ಬರಲ್ಲ.

ನನ್ನ ಪ್ರಕಾರ ಒಬ್ಬರೇ ಬಂದವರಿಗೆ ಲಾಭ ಜಾಸ್ತಿ. ಯಾಕಂದ್ರೆ ಬಾಲ್‌ರೂಮಲ್ಲಿ ಕಲೀಬೇಕಾದ ಮುಖ್ಯ ವಿಷ್ಯ ಸ್ಟೆಪ್ಪಲ್ಲ, ಲೀಡ್ ಮತ್ತು ಫಾಲೋ. ಒಬ್ಬರು ಮೈಯಿಂದ ದಿಕ್ಕು ಹೇಳ್ತಾರೆ, ಇನ್ನೊಬ್ಬರು ಅದನ್ನ ಮೈಯಿಂದಾನೇ ಕೇಳಿಸ್ಕೊಂಡು ಹೆಜ್ಜೆ ಇಡ್ತಾರೆ. ಗಂಡ ಹೆಂಡ್ತಿ ಬಂದು ಬರೀ ತಮ್ಮಲ್ಲೇ ಮಾಡ್ತಿದ್ರೆ ಒಬ್ಬರ ತಪ್ಪಿಗೆ ಇನ್ನೊಬ್ಬರು ಅಡ್ಜಸ್ಟ್ ಆಗ್ಬಿಡ್ತಾರೆ, ಅವನು ಎಳೆಯೋ ಮುಂಚೆನೇ ಅವಳು ಹೋಗಿರ್ತಾಳೆ, ಇಬ್ರಿಗೂ ಬಂತು ಅನ್ಸುತ್ತೆ, ಬೇರೆಯವರ ಜೊತೆ ನಿಲ್ಲಿಸಿದ್ರೆ ಏನೂ ಬರಲ್ಲ. ಎತ್ತರ ಇರೋರು, ಕುಳ್ಳಗಿರೋರು, ಹೆದರ್ಕೊಂಡು ಕೈ ಗಟ್ಟಿ ಹಿಡಿಯೋರು, ಎಲ್ರ ಜೊತೆ ಕುಣಿದಾಗ ಮಾತ್ರ ಲೀಡ್ ಅಂದ್ರೆ ಏನು ಅಂತ ಮೈಗೆ ಅರ್ಥ ಆಗೋದು.

ಒಂದು ಉದಾಹರಣೆ ಕೊಡ್ತೀನಿ, ಈಗ್ಲೇ ಹಾಲಲ್ಲಿ ನಿಂತು ಮಾಡಿ ನೋಡಿ. ವಾಲ್ಟ್ಸ್ ತಾಳ 3/4, ಅಂದ್ರೆ ನಮ್ಮ ತಿಶ್ರ ನಡೆ, ಬಾಯಲ್ಲಿ ತಕಿಟ ತಕಿಟ ಅಂತ ಹೇಳ್ಕೊಂಡ್ರೆ ಸಾಕು. ಫಾಲೋ ಮಾಡೋರು ಬಾಕ್ಸ್ ಸ್ಟೆಪ್ಪಲ್ಲಿ (ನೆಲದ ಮೇಲೆ ಚೌಕ ಬರೆದ ಹಾಗೆ ಹೆಜ್ಜೆ ಇಡೋದು) ತ ಅಂದಾಗ ಬಲಗಾಲು ಹಿಂದೆ, ಕಿ ಅಂದಾಗ ಎಡಗಾಲು ಪಕ್ಕಕ್ಕೆ, ಟ ಅಂದಾಗ ಬಲಗಾಲು ತಂದು ಎಡಗಾಲಿಗೆ ಜೋಡಿಸ್ಬೇಕು. ಇಲ್ಲಿ ಆ ಟ ಇದೆಯಲ್ಲ, ಅಲ್ಲೇ ಹೊಸಬರು ಎಡವೋದು. ಕಾಲು ತಂದು ಸುಮ್ನೆ ತಾಗಿಸ್ತಾರೆ, ಮೈಭಾರ ಅದರ ಮೇಲೆ ಹಾಕಲ್ಲ. ಭಾರ ಎಡಗಾಲ ಮೇಲೇ ಉಳಿದಿರುತ್ತೆ, ಮುಂದಿನ ತಕಿಟಕ್ಕೆ ಮುಂದೆ ಹೋಗ್ಬೇಕಾಗಿರೋದೂ ಎಡಗಾಲೇ, ಅದು ಏಳಲ್ಲ, ಅಷ್ಟರಲ್ಲಿ ಎದುರಿನವರು ಹೊರಟಿರ್ತಾರೆ, ಮೊಣಕಾಲು ಮೊಣಕಾಲು ಡಿಕ್ಕಿ. ಮೂರು ಎಣಿಕೆಗೆ ಮೂರು ಸಲ ಭಾರ ಬದಲಾಗ್ಬೇಕು, ಟ ಮುಗಿದ ಮೇಲೆ ಎಡಗಾಲು ಎತ್ತಿದ್ರೆ ಹಗುರಾಗಿ ಬರ್ಬೇಕು. ಇದಿಷ್ಟು ಸರಿಯಾದ್ರೆ ಮೊದಲ ತಿಂಗಳ ಅರ್ಧ ಕಷ್ಟ ಕಳೀತು ಅಂದ್ಕೊಳ್ಳಿ, ಇದಕ್ಕೆ ಪಾರ್ಟ್ನರೂ ಬೇಡ, ಅಡುಗೆಮನೇಲಿ ಹಾಲು ಉಕ್ಕೋಕೆ ಕಾಯ್ತಾ ನಿಂತಾಗ್ಲೂ ಪ್ರಾಕ್ಟೀಸ್ ಮಾಡಬಹುದು. ಚಾ ಚಾ 4/4, ತಕಧಿಮಿ ಲೆಕ್ಕ, ಆದ್ರೆ ನಾಲ್ಕನೇ ಎಣಿಕೆಯನ್ನ ಎರಡು ಹೆಜ್ಜೆಗೆ ಒಡೀತಾರೆ, ಹಾಗಾಗಿ ಶುರುವಲ್ಲಿ ಉಸಿರು ಕಟ್ಟುತ್ತೆ, ಪರ್ವಾಗಿಲ್ಲ.

ಈಗ ಮುಜುಗರದ ವಿಷ್ಯ. ಇದನ್ನ ಹಗುರ ಮಾಡಿ ಹೇಳಲ್ಲ, ನಮ್ಮಲ್ಲಿ ಬೆಳೆದ ಹೆಣ್ಮಕ್ಕಳಿಗೆ ಇದು ನಿಜವಾದ ಅಡ್ಡಿ, ಗಂಡಸರಿಗೂ ಅಷ್ಟೇ, ಕೆಲವರ ಅಂಗೈ ಬೆವರಿ ಒದ್ದೆ ಆಗಿರುತ್ತೆ. ಕೈ ಎಲ್ಲಿರ್ಬೇಕು ಅನ್ನೋದಕ್ಕೆ ಸ್ಪಷ್ಟ ನಿಯಮ ಇದೆ: ಲೀಡ್ ಮಾಡೋರ ಎಡಗೈ ನಿಮ್ಮ ಬಲಗೈಯನ್ನ ಹಿಡಿಯುತ್ತೆ, ಅವರ ಬಲಗೈ ನಿಮ್ಮ ಎಡ ಬೆನ್ನಿನ ಮೇಲ್ಭಾಗಕ್ಕೆ, ಹೆಗಲ ಮೂಳೆ ಇರೋ ಜಾಗಕ್ಕೆ ಬರುತ್ತೆ, ನಿಮ್ಮ ಎಡಗೈ ಅವರ ಬಲ ತೋಳಿನ ಮೇಲೆ. ಸೊಂಟಕ್ಕೆ ಕೈ ಬಂದ್ರೆ ಅದು ತಪ್ಪು ಹೋಲ್ಡ್, ಕೈ ಮೇಲಿಡಿ ಅಂತ ನೇರ ಹೇಳಿ, ಟೀಚರಿಗೂ ಹೇಳಿ. ಬಿಗಿನರ್ ಬ್ಯಾಚಲ್ಲಿ ಎಷ್ಟೋ ಕಡೆ ಮೊದಲು ಬರೀ ಎರಡೂ ಕೈ ಹಿಡ್ಕೊಂಡು ದೂರದಿಂದಾನೇ ಮಾಡಿಸ್ತಾರೆ. ಯಾರ ಜೊತೆಯಾದ್ರೂ ಬೇಡ ಅನ್ಸಿದ್ರೆ ಈ ಸಲ ನಾನು ಕೂರ್ತೀನಿ ಅಂದ್ರೆ ಮುಗೀತು, ಕಾರಣ ಕೊಡ್ಬೇಕಾಗಿಲ್ಲ. ಲೀಡ್ ಗಂಡಸರೇ ಮಾಡ್ಬೇಕು ಅಂತಾನೂ ಇಲ್ಲ, ಇಷ್ಟ ಇದ್ರೆ ನೀವೇ ಲೀಡ್ ಕಲಿಯಿರಿ, ಹೆಂಗಸರು ಜಾಸ್ತಿ ಇರೋ ಬ್ಯಾಚಲ್ಲಿ ನಿಮಗೆ ಬಹಳ ಬೇಡಿಕೆ ಇರುತ್ತೆ. ಜೊತೆಗಿರೋ ವಿದ್ಯಾರ್ಥಿಯೇ ನಿಮ್ಗೆ ಪಾಠ ಹೇಳೋಕೆ ಶುರು ಮಾಡಿದ್ರೆ ನಗ್ತಾ ಟೀಚರನ್ನ ಕರೀರಿ, ಇಬ್ರು ಹೊಸಬರು ಒಬ್ಬರನ್ನೊಬ್ಬರು ತಿದ್ದೋದ್ರಿಂದ ಗಲಿಬಿಲಿನೇ ಜಾಸ್ತಿ.

ಬೆಂಗ್ಳೂರಲ್ಲಿ ಒಂದು ವಿಷ್ಯ ಮೊದ್ಲೇ ಕೇಳ್ಕೊಳ್ಳಿ. ದಂಡು ಪ್ರದೇಶದ ಕ್ಲಬ್ಬುಗಳಲ್ಲಿ, ಆಂಗ್ಲೋ ಇಂಡಿಯನ್ ಮನೆತನಗಳಲ್ಲಿ ಈ ಜೋಡಿ ಡ್ಯಾನ್ಸು ಹಳೇದೇ, ಆದ್ರೆ ಈಗ ಇಂದಿರಾನಗರ, ಕೋರಮಂಗಲ ಕಡೆ ಜೋಡಿ ಡ್ಯಾನ್ಸ್ ಕ್ಲಾಸ್ ಅಂದ್ರೆ ಹೆಚ್ಚಾಗಿ ಸಾಲ್ಸಾ, ಬಚಾಟಾ. ಅವೂ ಚೆನ್ನಾಗೇ ಇವೆ, ಆದ್ರೆ ಸ್ಪರ್ಧೆಗಳಲ್ಲಿ ನಡೆಯೋ ಇಂಟರ್‌ನ್ಯಾಷನಲ್ ಸ್ಟೈಲಿನ ಹತ್ತು ಬಾಲ್‌ರೂಮ್ ಡ್ಯಾನ್ಸ್‌ಗಳಲ್ಲಿ ಅವೆರಡೂ ಬರಲ್ಲ. ಸ್ಟ್ಯಾಂಡರ್ಡ್ ಐದು: ವಾಲ್ಟ್ಸ್, ಟ್ಯಾಂಗೋ, ವಿಯೆನ್ನೀಸ್ ವಾಲ್ಟ್ಸ್, ಫಾಕ್ಸ್‌ಟ್ರಾಟ್, ಕ್ವಿಕ್‌ಸ್ಟೆಪ್. ಲ್ಯಾಟಿನ್ ಐದು: ಚಾ ಚಾ, ಸಾಂಬಾ, ರುಂಬಾ, ಪಾಸೋ ಡೋಬ್ಲೇ, ಜೈವ್. ಹಾಗಾಗಿ ಫೋನ್ ಮಾಡಿದಾಗ ಬಾಲ್‌ರೂಮ್ ಇದೆಯಾ ಅಂತ ಕೇಳ್ಬೇಡಿ, ಬಿಗಿನರ್ ಬ್ಯಾಚಲ್ಲಿ ವಾಲ್ಟ್ಸ್ ಹೇಳ್ಕೊಡ್ತೀರಾ, ಪಾರ್ಟ್ನರ್ ರೊಟೇಟ್ ಮಾಡಿಸ್ತೀರಾ ಅಂತ ಕೇಳಿ. ಎರಡನೇದಕ್ಕೆ ಇಲ್ಲ ಅಂದ್ರೆ ನಿಮಗದು ಬೇಡ. ವಿಯೆನ್ನೀಸ್ ವಾಲ್ಟ್ಸ್ ವೀಡಿಯೋ ನೋಡಿ ಹೆದರ್ಕೋಬೇಡಿ, ಅದು ನಿಮಿಷಕ್ಕೆ ಸುಮಾರು 180 ಬೀಟ್, ನೀವು ಕಲಿಯೋ ವಾಲ್ಟ್ಸ್ 90ರೊಳಗೇ.

ಶೂ ವಿಷ್ಯದಲ್ಲಿ ಮೊದಲೇ ದುಡ್ಡು ಸುರೀಬೇಡಿ. ಆದ್ರೆ ಜಾಗಿಂಗ್ ಶೂ ಮಾತ್ರ ಬೇಡ, ರಬ್ಬರ್ ಸೋಲ್ ನೆಲ ಕಚ್ಕೊಳ್ಳುತ್ತೆ, ಮೈ ತಿರುಗಿದ್ರೂ ಪಾದ ತಿರುಗಲ್ಲ, ಆ ತಿರುಚು ಮಂಡಿಗೆ ಬೀಳುತ್ತೆ. ನುಣುಪಾದ ಸೋಲ್ ಇರೋ, ಹಿಂದೆ ಪಟ್ಟಿ ಇರೋ ಚಪ್ಪಲಿ ಅಥವಾ ಕಟ್ ಶೂ ಸಾಕು, ಬರೀ ಬೆರಳಿಗೆ ಸಿಕ್ಕಿಸೋ ಚಪ್ಪಲಿ ಕಾಲಿಂದ ಹಾರಿಹೋಗುತ್ತೆ. ಮುಂದುವರೀತೀನಿ ಅಂತ ಗ್ಯಾರಂಟಿ ಆದ್ಮೇಲೆ ಸ್ವೇಡ್ (ಮೆತ್ತನೆ ಚರ್ಮ) ಸೋಲಿನ ಡ್ಯಾನ್ಸ್ ಶೂ ತಗೊಳ್ಳಿ, ಅದನ್ನ ರೋಡಲ್ಲಿ ಹಾಕಬೇಡಿ, ಒಂದು ಮಳೆಗೇ ಹಾಳು. ಬ್ಯಾಗಲ್ಲಿ ಒಂದು ಕರ್ಚೀಫು, ಇನ್ನೊಂದು ಟಾಪ್ ಇಟ್ಕೊಳ್ಳಿ. ಇನ್ನು ಟೈಮು: ಶುರುವಿನ ಹತ್ತು ನಿಮಿಷದಲ್ಲೇ ಬೇಸಿಕ್ ಹೇಳೋದು, ಅದು ತಪ್ಪಿದ್ರೆ ಆವತ್ತಿನ ಕ್ಲಾಸು ಪೂರ್ತಿ ಹಿಂದೆ ಬೀಳ್ತೀರಿ, ಹಾಗಾಗಿ ಸಂಜೆ ಬ್ಯಾಚಾದ್ರೆ ಕಾರು ಬಿಡಿ, ವಿಜಯನಗರದಿಂದ ಇಂದಿರಾನಗರಕ್ಕೆ ನೇರಳೆ ಮೆಟ್ರೋ ನೇರ ಹೋಗುತ್ತೆ.