ಸೈನೈಡ್ ದಿಬ್ಬ: ಮೊದಲು ನೀರು, ಆಮೇಲೆ ಮಣ್ಣು

ಕೆಜಿಎಫ್ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅರೆದ ಅದಿರಿನಿಂದ ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ನುಣ್ಣನೆ ಹುಡಿ 13 ದಿಬ್ಬಗಳಾಗಿ ನಿಂತಿದೆ, ಸುಮಾರು 3.3 ಕೋಟಿ ಟನ್. ಬೇಸಿಗೆ ಗಾಳಿಗೆ ಅದು ಮನೆಯೊಳಗೂ ಬರುತ್ತದೆ. ಆದರೆ ಗಣಿಬಾವಿಗಳ ಮೇಲಿನ ಶಾಫ್ಟ್ ಗೋಪುರಗಳಷ್ಟೇ, ಕಾರ್ಮಿಕರ ಲೈನ್‌ಮನೆಗಳಷ್ಟೇ ಈ ದಿಬ್ಬಗಳೂ ಊರಿನ ಚರಿತ್ರೆ. ಬುಲ್ಡೋಜರ್ ಹಾಯಿಸಿ ಸಪಾಟು ಮಾಡಿ ಗಿಡ ನೆಡುವ ಮಾಮೂಲಿ ಯೋಜನೆಯಿಂದ ಚರಿತ್ರೆಯೂ ಹೋಗುತ್ತದೆ, ಎಷ್ಟೋ ಸಲ ಮಾಲಿನ್ಯವೂ ಹೆಚ್ಚುತ್ತದೆ.

ಜನರಿಗೆ ಭಯ ಸೈನೈಡಿನದು. ಲೋಹಕ್ಕೆ ಅಂಟದ ಮುಕ್ತ ಸೈನೈಡ್, ಪಿಎಚ್ (ಆಮ್ಲ-ಕ್ಷಾರದ ಅಳತೆ, ಇಳಿದಷ್ಟೂ ಆಮ್ಲ) 9ಕ್ಕಿಂತ ಕೆಳಗಿಳಿದರೆ ಅನಿಲವಾಗಿ ಹಾರುತ್ತದೆ. ಕಬ್ಬಿಣದ ಜೊತೆ ಬೆಸೆದುಕೊಂಡ ಸೈನೈಡ್ ಮಾತ್ರ ಬಹುಕಾಲ ಉಳಿಯಬಲ್ಲದು. ನಿಜವಾದ ದೀರ್ಘಕಾಲದ ತಲೆನೋವು ಗಂಧಕದ ಖನಿಜಗಳು: ಪೈರೈಟ್, ಪೈರೋಟೈಟ್, ವಿಷಕಾರಿ ಆರ್ಸೆನಿಕ್ ಇರುವ ಆರ್ಸೆನೋಪೈರೈಟ್. ಗಾಳಿ, ನೀರು ಎರಡೂ ಸಿಕ್ಕರೆ ಇವು ಆಮ್ಲ ಬಿಡುತ್ತವೆ, ಆಮ್ಲ ಲೋಹಗಳನ್ನು ಕರಗಿಸಿಕೊಂಡು ಹರಿಯುತ್ತದೆ.

ಪರೀಕ್ಷೆಗೆ ದಿಬ್ಬದ ಮಾದರಿ ತೆಗೆಯುವಾಗ ಮೇಲಿನ 2 ಸೆಂ.ಮೀ. ಹುಡಿಯನ್ನು ಪ್ರತ್ಯೇಕವಾಗಿಡಿ, ಗಾಳಿಗೆ ಏಳುವುದು ಅದೇ. 250 ಮೈಕ್ರಾನ್ (ಕಾಲು ಮಿ.ಮೀ.) ಜರಡಿ ಹಿಡಿದು ಕೆಳಗೆ ಬಿದ್ದದ್ದನ್ನೇ ಪರೀಕ್ಷಿಸಿ. ಮಕ್ಕಳ ಕೈಗೆ ಅಂಟಿ ಬಾಯಿಗೆ ಹೋಗುವುದು ಅಷ್ಟು ಸಣ್ಣ ಕಣಗಳು. ಎಕ್ಸ್‌ರೇ ಹಾಯಿಸಿ ಲೋಹ ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರ ಒದ್ದೆ ಮಣ್ಣಿನಲ್ಲಿ ಕಡಿಮೆ ತೋರಿಸುತ್ತದೆ, ಒಣಗಿಸಿಯೇ ಅಳೆಯಬೇಕು. ನೀರಿಗೆ ಎರಡು ಬಾಟಲಿ ಬೇಕು. ಲೋಹಗಳಿಗಾದರೆ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗೆ. ಸೈನೈಡಿಗಾದರೆ ಕಾಸ್ಟಿಕ್ ಸೋಡಾ ಹಾಕಿ ಪಿಎಚ್ 12ರ ಮೇಲೆ, ಬೆಳಕು ತಾಗದ ಬಾಟಲಿಯಲ್ಲಿ. ಇವು ಅದಲುಬದಲಾಗಬಾರದು: ಸೈನೈಡ್ ಮಾದರಿಗೆ ಆಮ್ಲ ಬಿದ್ದರೆ ಏಳುವುದು ಪ್ರಾಣ ತೆಗೆಯುವ ಅನಿಲ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಲೀಟರಿಗೆ ಆರ್ಸೆನಿಕ್ 0.01 ಮಿ.ಗ್ರಾಂ, ಸೈನೈಡ್ 0.05 ಮಿ.ಗ್ರಾಂ ಮಿತಿ.

ಆಮ್ಲ ಅಡಗಿಸಲು ಸುಣ್ಣ ಸುರಿದರೆ ಆಯಿತಲ್ಲ ಎನ್ನುವವರು ಲೆಕ್ಕ ಹಾಕಿ ನೋಡಲಿ. ಪೈರೈಟ್ ರೂಪದ ಗಂಧಕ ಶೇ. 1ರಷ್ಟಿದ್ದರೆ ಟನ್ ಹುಡಿಗೆ ಸುಮಾರು 31 ಕೆ.ಜಿ. ಸುಣ್ಣಕಲ್ಲಿನ ಪುಡಿ ಬೇಕು; ಲಕ್ಷ ಟನ್ನಿಗೆ 3,100 ಟನ್. ದಿಬ್ಬದ ಒಡಲಿಗೆ ಅದನ್ನು ಬೆರೆಸುವುದಾದರೂ ಹೇಗೆ? ಅದಕ್ಕೇ ಮೊದಲ ಕೆಲಸ ನೀರು ತಪ್ಪಿಸುವುದು. ದಿಬ್ಬದ ಮೇಲ್ಬದಿಯಲ್ಲಿ ಅಡ್ಡಗಾಲುವೆ ತೆಗೆದು ಹೊರಗಿನ ಮಳೆನೀರನ್ನು ಸುತ್ತಿಸಿ ಬಿಡಬೇಕು. ತಲೆಯ ಮೇಲೆ ನೀರು ನಿಲ್ಲದಂತೆ ಇಳಿಜಾರು ಕೊಡಬೇಕು. ಬುಡದಲ್ಲಿ ಹೂಳುಹೊಂಡ ಬೇಕು, ಪ್ರತಿ ಮುಂಗಾರಿಗೆ ಮುನ್ನ ಅದರ ಹೂಳು ತೆಗೆದಿರಬೇಕು. ತೆಗೆಯದಿದ್ದರೆ ಮೊದಲ ಜೋರು ಮಳೆಗೇ ಹೊಂಡ ತುಂಬಿ, ಹುಡಿ ಹೊಲಕ್ಕೆ ಹೋಗುತ್ತದೆ.

ನೆಲದಡಿಯ ನೀರನ್ನು ಮರೆತರೆ ಏನಾಗುತ್ತದೆಂದು ಕಾರ್ನ್‌ವಾಲ್ ಕಂಡಿದೆ. ಕೆಜಿಎಫ್‌ಗೆ ಗಣಿ ಪರಿಣತರು ಬಂದದ್ದೂ ಇಂಗ್ಲೆಂಡಿನ ಆ ಸೀಮೆಯಿಂದಲೇ. 1991ರಲ್ಲಿ ಮುಚ್ಚಿದ ವೀಲ್ ಜೇನ್ ಗಣಿಯಲ್ಲಿ ಪಂಪ್ ನಿಂತಿತು, ನೀರು ಏರಿತು. 1992ರ ಜನವರಿಯಲ್ಲಿ ಸುರಂಗದ ಬಿರಡೆ ಕಿತ್ತು ಆಮ್ಲನೀರು ಹೊಳೆಗೆ ನುಗ್ಗಿ, ಫಾಲ್ ಅಳಿವೆ ಕಿತ್ತಳೆ ಬಣ್ಣಕ್ಕೆ ತಿರುಗಿತು.

ಮಣ್ಣು ಮುಚ್ಚುವುದಾದರೆ ಊರಿಗೆ ಗಾಳಿ ಬೀಸುವ ಪಕ್ಕಗಳಿಗೆ, ತಲೆಗೆ ಮೊದಲ ಆದ್ಯತೆ. ಹುಡಿಯ ಮೇಲೆ ನೇರವಾಗಿ ಮಣ್ಣು ಹಾಸಿದರೆ ಬೇಸಿಗೆಯಲ್ಲಿ ಉಪ್ಪು ಮೇಲೇರಿ ಹುಲ್ಲು ಸುಟ್ಟುಹೋಗುತ್ತದೆ. ನಡುವೆ 30 ಸೆಂ.ಮೀ. ಒರಟು ಜಲ್ಲಿ, ಮೇಲೆ 45-60 ಸೆಂ.ಮೀ. ಮಣ್ಣು. ಲಾವಂಚ ಚೆನ್ನಾಗಿ ಹಿಡಿಯುತ್ತದೆ. ಆಳಕ್ಕೆ ಬೇರಿಳಿಸುವ ಬಳ್ಳಾರಿ ಜಾಲಿ ಬೇಡ, ಮೇವಿನ ಹುಲ್ಲಂತೂ ಬೇಡವೇ ಬೇಡ.

ಅತಿ ಉಪಚಾರ ಇಲ್ಲಿ ಅಪಾಯ. ಆರ್ಸೆನಿಕ್ ತುಕ್ಕುಬಣ್ಣದ ಕಬ್ಬಿಣದ ಆಕ್ಸೈಡಿಗೆ ಅಂಟಿ ಕೂತಿರುತ್ತದೆ. ಸುಣ್ಣ ಅತಿಯಾಗಿ ಪಿಎಚ್ 8.5 ದಾಟಿದರೆ ಆರ್ಸೆನಿಕ್ ಬಿಡಿಸಿಕೊಳ್ಳುತ್ತದೆ. ಗಿಡ ಬೇಗ ಬರಲೆಂದು ಡಿಎಪಿ ಗೊಬ್ಬರ ಸುರಿದರೆ ಅದರ ಫಾಸ್ಫೇಟ್ ಆರ್ಸೆನಿಕ್‌ನ ಜಾಗ ಕಿತ್ತುಕೊಳ್ಳುತ್ತದೆ. ಕೊಟ್ಟಿಗೆ ಗೊಬ್ಬರ ಹೆಚ್ಚಾಗಿ ನೀರೂ ನಿಂತರೆ ಆ ಆಕ್ಸೈಡೇ ಕರಗುತ್ತದೆ. ಕುಂಡದಲ್ಲಿ ಪ್ರಯೋಗ ಮಾಡಿ, ಬಸಿದ ನೀರು ಅಳೆದ ಮೇಲೆಯೇ ದಿಬ್ಬಕ್ಕೆ ಹೋಗಬೇಕು.

ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಚಿನ್ನ ಹೋದರೂ ಹುಡಿಯ ತೂಕ ಇಳಿಯುವುದಿಲ್ಲ. ಹೊಸ ಜಾಗ, ಹೊಸ ಒಡ್ಡು ಬೇಕು, ಒಳಗೆ ಗಾಳಿ ತಾಗದೆ ಇದ್ದ ಗಂಧಕಕ್ಕೂ ಗಾಳಿ ತಾಗುತ್ತದೆ. ಯಂತ್ರ ಇಳಿಸುವ ಮುನ್ನ ಡ್ರೋನ್ ಸಮೀಕ್ಷೆ, ಪದರಗಳ ಕೊಳವೆ ಮಾದರಿ, ಹಳೆಯ ಕಟ್ಟಡಗಳ ಅಳತೆ ನಕ್ಷೆ ಮುಗಿದಿರಲಿ. ಯಾವ ದಿಬ್ಬವನ್ನು ಇದ್ದ ಆಕಾರದಲ್ಲೇ ಉಳಿಸುವುದೆಂದು ಟೆಂಡರಿನಲ್ಲೇ ಬರೆದಿರಬೇಕು, ಗುತ್ತಿಗೆದಾರನ ವಿವೇಚನೆಗೆ ಬಿಡುವಂಥದ್ದಲ್ಲ.